ಟೈಟಲ್ ಕಾರ್ಡ್ ಅಂದ್ರೆ ನಮ್ಮ ಪಹಣಿ



ಮಾರಿಹಬ್ಬದ ಕಾಲ ಬಂತು ಅಂದ್ರೆ ನಮ್ಮ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಹಳ್ಳಿಗಳಿಗೆ ಕ್ಯಾಮೆರಾ ಹೊತ್ತವರೂ ಬರ್ತಾರೆ. ಒಬ್ಬರು ಡಾಕ್ಯುಮೆಂಟರಿ ಅಂತಾರೆ, ಇನ್ನೊಬ್ಬರು ಸಿನಿಮಾಕ್ಕೆ 'ಒರಿಜಿನಲ್ ಸೌಂಡ್' ಬೇಕು ಅಂತಾರೆ. ಆಸಾದಿ ಹಾಡೋದನ್ನ, ಉರುಮೆ ತಮಟೆ ಬಾರಿಸೋದನ್ನ, ಅಜ್ಜಿಯರು ಸೋಬಾನೆ ಹೇಳೋದನ್ನ ತುಂಬಿಕೊಂಡು ಹೋಗ್ತಾರೆ. ಸ್ವಲ್ಪ ದಿನ ಕಳೆದ ಮೇಲೆ ಅದು ಪರದೆ ಮೇಲೆ ಬರುತ್ತೆ. ಕೊನೆಯಲ್ಲಿ ಓಡೋ ಪಟ್ಟಿಯಲ್ಲಿ ಡ್ರೋನ್ ಹಾರಿಸಿದ ಹುಡುಗನ ಹೆಸರಿರುತ್ತೆ, ವ್ಯಾನ್ ಓಡಿಸಿದವರ ಹೆಸರಿರುತ್ತೆ. ಹಾಡಿದವರ ಜಾಗದಲ್ಲಿ ಬಹಳ ಸಲ ಒಂದೇ ಪದ: 'ಜನಪದ'. ಇಲ್ಲಾಂದ್ರೆ 'ಗ್ರಾಮಸ್ಥರು'.

ಏನೋ ಹೆಸರು ಬಿಟ್ಟೋಯ್ತು, ಮುಂದಿನ ಸಲ ಹಾಕಿದ್ರಾಯ್ತು ಅನ್ನೋರು ಇದ್ದಾರೆ. ಅವರು ಕಾನೂನು ಓದಿಲ್ಲ. ಆ ಹೆಸರಿಗೆ ಎಷ್ಟು ಬೆಲೆ ಇದೆ ಅಂತ ನಾವೆಲ್ಲ ಒಂದ್ಸಲ ತಿಳ್ಕೋಬೇಕು.

1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ದೊಡ್ಡ ತಿದ್ದುಪಡಿ ಆಯ್ತು. ಹಾಡುವವರು, ಬಾರಿಸುವವರು, ಕುಣಿಯುವವರು, ಹಾವಾಡಿಸುವವರು ಕೂಡ 'ಪ್ರದರ್ಶಕರು' ಅಂತ ಆ ಕಾಯ್ದೆ ಹೇಳುತ್ತೆ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಮಾರೋ ಹಾಗಿಲ್ಲ. ಈ ಹಕ್ಕು 50 ವರ್ಷ ಇರುತ್ತೆ. ಸಿನಿಮಾಕ್ಕೆ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟ ಮೇಲೂ, ಅದನ್ನ ವ್ಯಾಪಾರಕ್ಕೆ ಬಳಸಿದರೆ ರಾಯಧನದಲ್ಲಿ ಪಾಲಿದೆ. ಕಾನೂನಿನ ಲೆಕ್ಕದಲ್ಲಿ ಡಾಕ್ಯುಮೆಂಟರಿಯೂ ಸಿನಿಮಾನೇ. ಇಷ್ಟೂ ಒಳ್ಳೇದೇ.

ಆದ್ರೆ ಅದೇ ತಿದ್ದುಪಡಿಯಲ್ಲಿ ಒಂದು ಸಣ್ಣ ಬಾಲ ಇದೆ. ಸಿನಿಮಾದಲ್ಲಿ ಯಾರ ಪ್ರದರ್ಶನ ಸಾಂದರ್ಭಿಕವಾಗಿ ಬಂದು ಹೋಗುತ್ತೋ, ಉದ್ಯಮದ ರೂಢಿ ಪ್ರಕಾರ ಯಾರ ಹೆಸರನ್ನ ಎಲ್ಲೂ ಹಾಕಿಲ್ಲವೋ, ಅವರನ್ನ ಪ್ರದರ್ಶಕರು ಅಂತ ಪರಿಗಣಿಸಬೇಕಾಗಿಲ್ಲ. ಪ್ರದರ್ಶನವನ್ನ ತಿರುಚಿ ಮಾನ ಕಳೆದರೆ ಕೇಳೋ ಒಂದು ಹಕ್ಕು ಮಾತ್ರ ಉಳಿಯುತ್ತೆ. ಉಳಿದದ್ದೆಲ್ಲ ಹೋಯ್ತು.

ಮತ್ತೊಮ್ಮೆ ಓದಿ. ಹೆಸರು ಹಾಕೋದು ಯಾರ ಕೈಲಿದೆ? ನಿರ್ಮಾಪಕರ ಕೈಲಿ. ನಮ್ಮ ಅಜ್ಜಿ ಹಾಡಿದ್ದು 'ಸಾಂದರ್ಭಿಕ' ಅಂತ ಮೊದಲು ತೀರ್ಮಾನ ಮಾಡೋರು ಯಾರು? ಅವರೇ. ಕೇರಿ ಜನಕ್ಕೆ ಹೆಸರು ಹಾಕದೇ ಇರೋದು ಈ ನಾಡಿನಲ್ಲಿ ಇವತ್ತಿನ ರೂಢಿಯಾ? ನೂರಾರು ವರ್ಷದ್ದು. ಆ ರೂಢಿನೇ ಈಗ ಹಕ್ಕು ತಪ್ಪಿಸೋಕೆ ಆಧಾರ. ಉಳುಮೆ ಮಾಡಿದವರ ಹೆಸರು ಪಹಣಿಯಲ್ಲಿ ಇಲ್ಲದಿದ್ದರೆ ಏನಾಯ್ತು ಅಂತ ನಮ್ಮ ಅಪ್ಪ ತಾತಂದಿರಿಗೆ ಗೊತ್ತು. ಟೈಟಲ್ ಕಾರ್ಡ್ ಅನ್ನೋದು ಹಾಡುಗಾರರ ಪಹಣಿ. ಅಲ್ಲಿ ಹೆಸರಿಲ್ಲ ಅಂದ್ರೆ ಆ ದನಿ ಇನ್ಯಾರದೋ ಜಮೀನು.

'ಜನಪದಕ್ಕೆ ಕರ್ತೃ ಇಲ್ಲ, ಅದು ಎಲ್ಲರ ಸ್ವತ್ತು' ಅಂತ ಪಾಠ ಹೇಳೋ ಪಂಡಿತರಿದ್ದಾರೆ. ಸರಿ ಸ್ವಾಮಿ, ಹಾಡು ಎಲ್ಲರದ್ದೇ ಇರಲಿ. ಆ ದಿನ, ಆ ಜಾತ್ರೆಯಲ್ಲಿ, ಆ ಗಂಟಲಿಂದ ಬಂದ ಹಾಡು ಆ ಗಂಟಲಿನದು. ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿ ಫ್ಯಾನು ನಿಂತಿವೆ. ಗಾಳಿಗೂ ಕರ್ತೃ ಇಲ್ಲ, ಅದೂ ಎಲ್ಲರ ಸ್ವತ್ತು. ಆದ್ರೆ ಕರಾರು ಪತ್ರ ಇಲ್ಲದೆ ಯಾವ ಕಂಪನಿ ಫ್ಯಾನು ನಿಲ್ಲಿಸುತ್ತೆ? ಗುಡ್ಡದ ಗಾಳಿಗೆ ಅಗ್ರಿಮೆಂಟು, ಆಸಾದಿಯ ಉಸಿರಿಗೆ ಒಂದು ಶಾಲು!

ಸಿನಿಮಾ ಹಾಡುಗಳ ಕಡೆ ನೋಡಿ. 1996ರಲ್ಲಿ ನಾಗಾಭರಣ ಅವರ 'ಜನುಮದ ಜೋಡಿ' ಬಂತು. ಮಲೆ ಮಾದಪ್ಪ, ಸಂಕಮ್ಮನ ಕಥೆಯ 'ಕೋಲುಮಂಡೆ' ಮನೆಮನೆಗೂ ಹೋಯ್ತು. ಎಲ್.ಎನ್. ಶಾಸ್ತ್ರಿ ಹಾಡಿದರು, ರಾಜ್ಯ ಪ್ರಶಸ್ತಿ ಬಂತು. ಅವರು ಚೆನ್ನಾಗಿಯೇ ಹಾಡಿದ್ದಾರೆ, ತಕರಾರಿಲ್ಲ. ಆದ್ರೆ ಆ ಕಥೆಯನ್ನ ಅಷ್ಟು ಕಾಲ ಜೀವ ಹಿಡಿದು ಕಾಪಾಡಿದ್ದು ಊರೂರು ತಿರುಗಿ ಕಂಸಾಳೆ ಹಿಡಿದು ಹಾಡಿದ ದೇವರಗುಡ್ಡರು. 2020ರಲ್ಲಿ ಅದೇ ಹಾಡಿಗೆ ಚಂದನ್ ಶೆಟ್ಟಿ ಹೊಸ ವಿಡಿಯೋ ಮಾಡಿದರು. ಸಂಕಮ್ಮನನ್ನ ಕೆಟ್ಟದಾಗಿ ತೋರಿಸಿದ್ದಾರೆ ಅಂತ ಮಾದಪ್ಪನ ಒಕ್ಕಲು ಎದ್ದು ನಿಂತರು. ಕ್ಷಮೆ ಕೇಳಿದ್ರು, ವಿಡಿಯೋ ತೆಗೆದ್ರು. ಎದ್ದು ನಿಂತಿದ್ದು ಸರಿ. ನನ್ನ ಪ್ರಶ್ನೆ ಬೇರೆ. ದೇವರ ಮಾನಕ್ಕೆ ಕ್ಷಮೆ ಸಿಕ್ತು, ಆ ದೇವರನ್ನ ಹಾಡಿನಲ್ಲಿ ಉಳಿಸಿದ ಜನದ ಕೂಲಿಯ ಲೆಕ್ಕ ಯಾವಾಗ? ಮಾದಪ್ಪನದೇ ಇನ್ನೊಂದು ಹಾಡು, 'ಸೋಜುಗದ ಸೂಜಿಮಲ್ಲಿಗೆ', 2021ರಲ್ಲಿ 'ಗರುಡ ಗಮನ ವೃಷಭ ವಾಹನ'ದಲ್ಲಿ ಬಂದಾಗ ಥಿಯೇಟರಲ್ಲಿ ಜನ ಮೈಮರೆತು ಕೂತರು. ಹಾಡಿನ ಬೆಲೆ ಪೇಟೆಗೆ ಚೆನ್ನಾಗಿ ಗೊತ್ತು. ಹಾಡುಗಾರರ ಬೆಲೆ ಮಾತ್ರ ಗೊತ್ತಿಲ್ಲದ ಹಾಗೆ ಇರುತ್ತೆ.

ಹೆಸರು ಹಾಕೋಕೆ ಆಗಲ್ಲ ಅನ್ನೋದು ಸುಳ್ಳು. ನಮ್ಮ ಜಿಲ್ಲೆಯ ಸಿರಿಯಜ್ಜಿಯನ್ನೇ ನೋಡಿ. ಚಳ್ಳಕೆರೆ ತಾಲೂಕಿನ ಗೊಲ್ಲರಹಟ್ಟಿಯ ಹೆಣ್ಣುಮಗಳು. ಕೃಷ್ಣಮೂರ್ತಿ ಹನೂರು ಆಕೆಯ ಹಾಡುಗಳನ್ನ ಸಂಗ್ರಹಿಸಿ ಪುಸ್ತಕ ಮಾಡಿದಾಗ ಆಕೆಯನ್ನ 'ಓರ್ವ ಮಾಹಿತಿದಾರೆ' ಅಂತ ಅಡಿಟಿಪ್ಪಣಿಗೆ ತಳ್ಳಲಿಲ್ಲ. ಅದಕ್ಕೇ ಇವತ್ತು ಕನ್ನಡಿಗರು ಸಿರಿಯಜ್ಜಿ ಅಂತ ಹೆಸರು ಹಿಡಿದು ಕರೀತಾರೆ. ಪಕ್ಕದ ಬಳ್ಳಾರಿ ಸೀಮೆಯ ದರೋಜಿ ಈರಮ್ಮ, ಅಲೆಮಾರಿ ಬುಡ್ಗ ಜಂಗಮ ಸಮುದಾಯದವರು. ಅಕ್ಷರ ಬಾರದ ಆ ತಾಯಿ ಹನ್ನೆರಡು ಮಹಾಕಾವ್ಯ ನಾಲಿಗೆ ಮೇಲೆ ಇಟ್ಟುಕೊಂಡಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವನ್ನ ಆಕೆಯ ಹೆಸರಲ್ಲೇ ಅಚ್ಚು ಹಾಕಿತು, ನಾಡೋಜ ಕೊಟ್ಟಿತು. 2014ರಲ್ಲಿ ಆಕೆ ತೀರಿಕೊಂಡರು, ಹೆಸರು ಉಳಿದಿದೆ. ಪುಸ್ತಕ ಮಾಡೋರಿಗೆ ಸಾಧ್ಯವಾದದ್ದು ಸಿನಿಮಾ ಮಾಡೋರಿಗೆ ಯಾಕೆ ಸಾಧ್ಯ ಇಲ್ಲ?

ಸಿನಿಮಾದವರಲ್ಲೂ ಮಾಡಿ ತೋರಿಸಿದವರಿದ್ದಾರೆ. ನಮ್ಮ ಬೆಂಗಳೂರಲ್ಲೇ ಕೂತು ಶಬನಂ ವಿರ್ಮಾನಿ ಕಬೀರನ ಮೇಲೆ ನಾಲ್ಕು ಚಿತ್ರ ಮಾಡಿದ್ರು. ಅದರಲ್ಲಿ ಮಧ್ಯಪ್ರದೇಶದ ಮಾಳವದ ದಲಿತ ಹಾಡುಗಾರ ಪ್ರಹ್ಲಾದ್ ಸಿಂಗ್ ಟಿಪಾನಿಯಾ ಬರ್ತಾರೆ. ಬಂದು ಎರಡು ಹಾಡು ಹೇಳಿ ಮರೆಯಾಗಲ್ಲ. ಅವರ ಊರು, ಮನೆ, ಅವರು ಕಬೀರ ಪಂಥದ ಮಹಂತ ಆಗೋ ವಿಚಾರ, ಅದಕ್ಕೆ ಎದ್ದ ಪ್ರಶ್ನೆಗಳು, ಎಲ್ಲಾ ಬರುತ್ತೆ. ಹಾಡುಗಾರನಿಗೆ ತಲೆಯೂ ಇದೆ, ಅವನೂ ವಾದ ಮಾಡ್ತಾನೆ ಅಂತ ಆ ಕ್ಯಾಮೆರಾ ಒಪ್ಪಿಕೊಂಡಿದೆ.

ಮುಂಬೈಯ ವಿಲಾಸ್ ಘೋಗ್ರೆಯನ್ನ ನೆನೆಸಿಕೊಳ್ಳಿ. ದಲಿತ ಕವಿ, ಹಾಡುಗಾರ. ಆನಂದ್ ಪಟವರ್ಧನ್ 1985ರ ತಮ್ಮ ಚಿತ್ರದಲ್ಲಿ ಆತನ ಹಾಡು ತಗೊಂಡಿದ್ದರು. 1997ರ ಜುಲೈ 11ರಂದು ರಮಾಬಾಯಿ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಅವಮಾನ ಆಯ್ತು. ಪ್ರತಿಭಟಿಸಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 10 ಜನರನ್ನ ಕೊಂದರು. ಕೆಲವೇ ದಿನಕ್ಕೆ ಘೋಗ್ರೆ ಪ್ರಾಣ ಬಿಟ್ಟರು. ಪಟವರ್ಧನ್ 'ಪಾಪ, ಒಳ್ಳೆ ಹಾಡುಗಾರ' ಅಂತ ಸುಮ್ಮನಾಗಲಿಲ್ಲ. ಈ ಮನುಷ್ಯ ಯಾಕೆ ಸತ್ತ ಅಂತ ಕೇಳ್ತಾ 14 ವರ್ಷ ಕ್ಯಾಮೆರಾ ಹಿಡಿದು ತಿರುಗಿದರು. ಅದೇ 'ಜೈ ಭೀಮ್ ಕಾಮ್ರೇಡ್'. ಹಾಡು ತಗೊಂಡವರಿಗೆ ಹಾಡಿದವರ ಬದುಕು ಸಾವಿನ ಋಣವೂ ಇರುತ್ತೆ ಅಂದ್ರೆ ಇದು.

ನಮ್ಮ ಕಡೆ ತೆಗೆಯೋ ಚಿತ್ರಗಳಲ್ಲಿ ಆ ಋಣ ಎಲ್ಲಿದೆ? ಆಸಾದಿ ಹಾಡಿದರೇ ಮಾರಮ್ಮನಿಗೆ ಹಬ್ಬ. ಹಾಡು ಮುಗಿದ ಮೇಲೆ ಅವನು ಗುಡಿಯ ಎಷ್ಟು ದೂರದಲ್ಲಿ ನಿಲ್ತಾನೆ, ಎಲ್ಲಿ ಕೂತು ಉಣ್ತಾನೆ, ಅದನ್ನ ಕ್ಯಾಮೆರಾ ತೋರಿಸಲ್ಲ. ತಮಟೆಯ ಸದ್ದು ಬೇಕು. ಬಿಟ್ಟಿ ಚಾಕರಿಯಾಗಿ ಅದನ್ನ ಬಾರಿಸಲ್ಲ ಅಂದವರಿಗೆ ಊರು ಬಹಿಷ್ಕಾರ ಹಾಕುತ್ತಲ್ಲ, ಅದು ಬೇಡ. ತಮಟೆ ಎಸೀಬೇಕೋ, ಹೋರಾಟಕ್ಕೆ ಬಾರಿಸಬೇಕೋ ಅಂತ ದಲಿತ ಚಳವಳಿ ಒಳಗೆ ದಶಕಗಟ್ಟಲೆ ಚರ್ಚೆ ನಡೆದಿದೆ. ಆ ಚರ್ಚೆ ಇಲ್ಲದ ತಮಟೆ ಚಿತ್ರ ಅಂದ್ರೆ ಜಾತಿಯನ್ನ ಕತ್ತರಿಸಿ ಚರ್ಮವನ್ನ ಮಾತ್ರ ತೋರಿಸಿದ ಹಾಗೆ.

ಚಳವಳಿಯ ವೇದಿಕೆಗಳಿಗೂ ಇದೇ ಪ್ರಶ್ನೆ. ಜನ ಸೇರೋವರೆಗೂ ಹಾಡಿ, ನಾಯಕರು ಬಂದ್ರು ನಿಲ್ಸಿ ಅನ್ನೋದು ಏನು? ಆಹ್ವಾನ ಪತ್ರಿಕೆಯಲ್ಲಿ ಭಾಷಣಕಾರರ ಹೆಸರು ದಪ್ಪ ಅಕ್ಷರದಲ್ಲಿ, ಹಾಡುಗಾರರು 'ಮತ್ತು ಸಂಗಡಿಗರು'. ಆ ಸಂಗಡಿಗರಿಗೂ ಅಪ್ಪ ಅಮ್ಮ ಇಟ್ಟ ಹೆಸರಿದೆ.

ಈಗ ಕೆಲಸದ ಮಾತು.

ಒಂದು: ಕ್ಯಾಮೆರಾ ಊರಿಗೆ ಬಂದ್ರೆ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಕೇಳಿ. ಓದಿ ಹೇಳಿಸಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು. ಒಂದು ಪ್ರತಿ ಹಾಡುಗಾರರ ಮನೆಯಲ್ಲೇ ಇರಲಿ.

ಎರಡು: ಹಾಡಿದವರ, ಬಾರಿಸಿದವರ, ದನಿಗೂಡಿಸಿದವರ ಎಲ್ಲರ ಹೆಸರು, ಊರು ಪರದೆ ಮೇಲೆ ಬರಬೇಕು ಅಂತ ಆ ಪತ್ರದಲ್ಲೇ ಬರೆಸಿ. 'ಗ್ರಾಮಸ್ಥರು' ನಡೆಯಲ್ಲ.

ಮೂರು: ಅವತ್ತಿನ ಕೂಲಿ ಬೇರೆ, ರಾಯಧನ ಬೇರೆ. ಶಾಲು ಎರಡೂ ಅಲ್ಲ.

ನಾಲ್ಕು: ರೆಕಾರ್ಡ್ ಆದದ್ದರ ಒಂದು ಪ್ರತಿ ಆ ಕುಟುಂಬಕ್ಕೆ ಸಿಗಬೇಕು. ಅಜ್ಜಿ ದನಿ ಮೊಮ್ಮಕ್ಕಳಿಗೆ ಬೇಕಲ್ಲ.

ಐದು: ಜಾನಪದ ಅಕಾಡೆಮಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇಂಥ ಒಂದು ಮಾದರಿ ಪತ್ರ ಸಿದ್ಧ ಮಾಡಿ ಪ್ರತಿ ಕಲಾವಿದರ ಕೈಗೆ ಕೊಡಲಿ. ಚಿತ್ರಕ್ಕೆ ಸರ್ಕಾರದ ಸಹಾಯಧನ ಕೊಡುವಾಗ ಈ ಪತ್ರ ಇದೆಯಾ ಅಂತ ನೋಡಿಯೇ ಕೊಡಲಿ.

ನಮ್ಮ ಹುಡುಗ ಹುಡುಗಿಯರ ಕೈಲೆಲ್ಲ ಮೊಬೈಲ್ ಇದೆ. ಇವತ್ತೇ ಶುರು ಮಾಡಿ. ಅಜ್ಜಿ ಹಾಡುವ ಮೊದಲು ಆಕೆಯ ಬಾಯಲ್ಲೇ ಹೆಸರು, ಊರು, ತಾರೀಕು ಹೇಳಿಸಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ನಾಳೆ ಯಾರಾದ್ರೂ 'ಇದು ಜನಪದ, ಯಾರದ್ದೂ ಅಲ್ಲ' ಅಂದ್ರೆ ಅದನ್ನ ಮುಂದಿಡಿ.

ಕಾಮೆಂಟಲ್ಲಿ 'ಸೂಪರ್ ಅಣ್ಣ' ಬೇಡ. ನಿಮ್ಮೂರಲ್ಲಿ ಹಾಡೋರು, ಬಾರಿಸೋರು ಯಾರಿದ್ದಾರೆ, ಅವರನ್ನ ಕೇಳಿ ಒಪ್ಪಿದರೆ ಅವರ ಹೆಸರು ಹಾಕಿ. ಪಟ್ಟಿ ಇಲ್ಲಿಂದಲೇ ಬೆಳೀಲಿ.

ಜೈ ಭೀಮ್.