ಊರು ಸಣ್ಣದು, ಮೈಸೂರು ದೊಡ್ಡದು

ಸಂಜೆ ಒಲೆಯ ಮೇಲೆ ಸಾರು ಕುದಿಯುವ ಹೊತ್ತಿಗೇ ಮಕ್ಕಳ ಹೋಂವರ್ಕ್ ಶುರುವಾಗುತ್ತದೆ, ಅಲ್ಲವೇ? ಮೊನ್ನೆ ಪಕ್ಕದ ಮನೆಯಾಕೆ ಮಗನ ಇಂಗ್ಲಿಷ್ ನೋಟ್‌ಬುಕ್ ಹಿಡಿದು ಬಂದರು. ಪುಟದ ತುಂಬ ಕೆಂಪು ಗೀಟು. ‘ರಿವರ್’ ಎಂಬುದಕ್ಕೆ ದೊಡ್ಡಕ್ಷರ, ‘ಕಾವೇರಿ’ಗೆ ಸಣ್ಣಕ್ಷರ ಹಾಕಿದ್ದ ಹುಡುಗ. “ಹೇಳಿಕೊಡೋಣ ಅಂತ ಕೂತ್ರೆ, ‘ನೀನು ಕನ್ನಡ ಶಾಲೆ, ನಿಂಗೆ ಬರಲ್ಲ ಬಿಡಮ್ಮ’ ಅಂದುಬಿಟ್ಟ ಕಣ್ರೀ” ಎನ್ನುವಾಗ ಆಕೆಯ ಕಣ್ಣು ತುಂಬಿತ್ತು.

ಬರಲ್ಲ ಅಂದವರು ಯಾರು? ಇದು ನೀವು ಕನ್ನಡದಲ್ಲೇ ಕಲಿತ ಪಾಠ. ನಮ್ಮ ರೂಢನಾಮವೇ ಅವರ ಕಾಮನ್ ನೌನ್, ಅಂಕಿತನಾಮವೇ ಪ್ರಾಪರ್ ನೌನ್. 13ನೇ ಶತಮಾನದ ಕೇಶಿರಾಜನೂ ‘ಶಬ್ದಮಣಿದರ್ಪಣ’ದಲ್ಲಿ ಈ ಭೇದ ಹೇಳಿದ್ದಾನೆ. ಆದರೆ ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂದಿಲ್ಲ. ಮಕ್ಕಳು ಎಡವುವುದು ಅಲ್ಲೇ.

ಮಗುವಿಗೆ ಹೀಗೆ ಹೇಳಿ ನೋಡಿ. ಕೊಟ್ಟಿಗೆಯಲ್ಲಿ ನಾಲ್ಕು ಹಸುಗಳಿವೆ. ‘ಹಸು’ ಅಂದರೆ ನಾಲ್ಕೂ ಹಸುವೇ. ‘ಗೌರಿ’ ಎಂದು ಕೂಗಿದರೆ ತಲೆ ಎತ್ತುವುದು ಒಂದೇ! ಹಸು ಕಾಮನ್ ನೌನ್, ಗೌರಿ ಪ್ರಾಪರ್ ನೌನ್. ಇದು ಇಡೀ ಜಾತಿಯ ಹೆಸರೋ, ನಾಮಕರಣ ಮಾಡಿ ಒಂದಕ್ಕೇ ಇಟ್ಟ ಹೆಸರೋ ಎಂದು ಕೇಳಿಕೊಂಡರೆ ಸಾಕು. ಇಟ್ಟ ಹೆಸರಾದರೆ ಮೊದಲಕ್ಷರ ದೊಡ್ಡದು. ಊರು ಸಣ್ಣದು, ಮೈಸೂರು ದೊಡ್ಡದು. ಮೈಸೂರು ಪಾಕ್ ಬರೆದರೂ ಮೈಸೂರು ದೊಡ್ಡದೇ!

ಕೆಲವು ಕಡೆ ಎಚ್ಚರಿಕೆ ಬೇಕು:

ವಾಕ್ಯದ ಮೊದಲ ಪದ ಯಾವುದೇ ಇರಲಿ, ದೊಡ್ಡಕ್ಷರದಿಂದಲೇ ಆರಂಭ.

ವಾರ, ತಿಂಗಳು, ಭಾಷೆಗಳ ಹೆಸರು ಯಾವಾಗಲೂ ದೊಡ್ಡದು: ಮಂಡೇ, ಜೂನ್, ಕನ್ನಡ. ಆದರೆ ಸಮ್ಮರ್, ವಿಂಟರ್ ಸಣ್ಣವು.

ಟೀಚರ್, ಫಾರ್ಮರ್‌ನಂಥವು ನಮ್ಮಲ್ಲಿ ಅನ್ವರ್ಥನಾಮ. ಇಂಗ್ಲಿಷಿನಲ್ಲಿ ಅವೂ ಕಾಮನ್ ನೌನೇ.

‘ಮೈ ಮದರ್’ ಎಂದು ಬರೆದಾಗ ಮದರ್ ಸಣ್ಣದು. ‘ಮೈ’ ಇಲ್ಲದೆ, ಹೆಸರಿನ ಬದಲಿಗೆ ‘ಮದರ್’ ಎಂದೇ ಕರೆದರೆ ದೊಡ್ಡದು.

ಪಕ್ಕದ ಮನೆಯಾಕೆ ಇಷ್ಟು ಕೇಳಿಕೊಂಡು ಹೋಗಿ, ರಾತ್ರಿ ಮಗನನ್ನು ಅಡಿಗೆಮನೆಯಲ್ಲೇ ಕೂರಿಸಿಕೊಂಡರಂತೆ. ಅಕ್ಕಿ, ಬೇಳೆ, ಸೌಟು ಎಲ್ಲ ಕಾಮನ್ ನೌನ್ ಆದವು. “ಅಮ್ಮ ಕಾಮನ್ ನೌನು. ಹಾಗಾದ್ರೆ ನಿನ್ನ ಪ್ರಾಪರ್ ನೌನು?” ಎಂದು ಕೇಳಿದನಂತೆ ಹುಡುಗ. ಅಮ್ಮ, ಅತ್ತಿಗೆ, ಸೊಸೆ, ‘ಇವಳೇ’ ಎಂದು ಕರೆಸಿಕೊಂಡೇ ಹತ್ತು ವರ್ಷ ಕಳೆದ ಆಕೆ, ಪೆನ್ಸಿಲ್ ತೆಗೆದುಕೊಂಡು ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸಿದರು, ಮೊದಲಕ್ಷರ ದೊಡ್ಡದಾಗಿ.

ನೀವೂ ಇಂದು ಬರೆದು ನೋಡಿ. ಮಗುವಿಗೆ ಪಾಠವಾಯಿತು, ನಿಮಗೆ ನಿಮ್ಮ ಹೆಸರು ನೆನಪಾಯಿತು!