ಎರಡು ದಿನದ ಬೆಂಗಳೂರು, ಎರಡು ಗಂಟೆ ಶಿಲ್ಕು

ಮಕ್ಕಳೇ, ಅಜ್ಜ ಅಜ್ಜಿಯರೇ,

ನಮ್ಮ ಚನ್ನಗಿರಿ ಮನೆಯಲ್ಲಿ ಹೋದ ವಾರದಿಂದ ಒಂದೇ ಮಾತು, ಬೆಂಗಳೂರು. ದಸರಾ ರಜೆಗೆ ಇನ್ನೂ ಎರಡು ತಿಂಗಳಿದೆ. ಆದರೆ ರೈಲಿನ ಟಿಕೆಟ್ ಈಗ 60 ದಿನ ಮೊದಲೇ ಕಾದಿರಿಸಬಹುದು. ಹಾಗಾಗಿ ಯೋಜನೆಯೂ ಈಗಲೇ ಆಗಬೇಕು. ಹೋಗುವವರು ನಾಲ್ವರು: ಆರನೇ ತರಗತಿಯ ಮೊಮ್ಮಗಳು, ಮೂರನೇ ತರಗತಿಯ ಮೊಮ್ಮಗ, ಮಂಡಿನೋವಿನ ನನ್ನಾಕೆ, ಮತ್ತು ನಾನು.

ಮೊಮ್ಮಗಳು ಹಳೆ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂಬದಿಯಲ್ಲಿ ನೋಡಬೇಕಾದ ಜಾಗಗಳ ಪಟ್ಟಿ ಮಾಡಿಕೊಂಡು ಬಂದಳು. ಎಣಿಸಿದೆ. ಹದಿನೇಳು!

“ಎರಡು ದಿನದಾಗೆ ಇಷ್ಟು ನೋಡಾಕಾಗುತ್ತೇನಮ್ಮಾ?”

“ಓಡಾಡಿದ್ರೆ ಆಗುತ್ತೆ ಅಜ್ಜಾ. ಎಲ್ಲಾ ಕಡೆ ಒಂದೊಂದು ಫೋಟೋ ತಗೊಂಡು ಬಂದ್ಬಿಡಾಣ.”

ನಾನು ಬಿ.ಕಾಂ. ಓದಿ, ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಎಂದು ನಾಲ್ಕೂ ಕಡೆ ಬ್ಯಾಂಕಿನ ಲೆಡ್ಜರ್ ಬರೆದವನು. ಲೆಕ್ಕ ಕಂಡರೆ ಕೈ ಸುಮ್ಮನಿರುವುದಿಲ್ಲ. ಅದೇ ಹಾಳೆಯ ಕೆಳಗೆ ಗೆರೆ ಎಳೆದು, “ಬಾ, ಹಣದ ಲೆಕ್ಕ ಆಮೇಲೆ. ಮೊದಲು ಹೊತ್ತಿನ ಲೆಕ್ಕ ಹಾಕೋಣ” ಎಂದೆ.

ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತು, ದಿನಕ್ಕೆ 15 ಗಂಟೆ. ಇದು ಜಮಾ. ಸ್ನಾನ, ಸಿದ್ಧತೆಗೆ 1 ಗಂಟೆ. ಮೆಟ್ರೊ, ಆಟೊ, ನಡಿಗೆಗೆ 3 ಗಂಟೆ. ಊಟ, ತಿಂಡಿ, ಹೋಟೆಲಿನ ಸರದಿಗೆ 3 ಗಂಟೆ. ಮಧ್ಯಾಹ್ನ ಅಜ್ಜಿ ಕಾಲು ಚಾಚಲು 2 ಗಂಟೆ. ಒಟ್ಟು ಖರ್ಚು 9 ಗಂಟೆ. ಉಳಿದದ್ದು ದಿನಕ್ಕೆ 6, ಎರಡು ದಿನಕ್ಕೆ 12 ಗಂಟೆ. ಹದಿನೇಳು ಜಾಗಕ್ಕೆ ತಲಾ ಒಂದೂವರೆ ಗಂಟೆ ಎಂದರೆ ಇಪ್ಪತ್ತೈದೂವರೆ. ಹದಿಮೂರೂವರೆ ಗಂಟೆ ಕಡಿಮೆ ಬಿತ್ತು.

“ಕಡಿಮೆ ಬಿದ್ರೆ ಏನ್ಮಾಡ್ತಾರೆ ಅಜ್ಜಾ?”

“ಹಣವಾದರೆ ಬ್ಯಾಂಕಿನವರು ಓವರ್‌ಡ್ರಾಫ್ಟ್ ಕೊಡುತ್ತಾರೆ. ಹೊತ್ತಿಗೆ ಯಾರೂ ಕೊಡೋದಿಲ್ಲ ಮಗಳೇ. ಪಟ್ಟಿ ಹೊಡೆಯಬೇಕು.”

ಅವಳ ಮುಖ ಸಪ್ಪಗಾಯಿತು. ಒಂದೊಂದು ಫೋಟೋ ತೆಗೆದುಕೊಂಡು ಓಡುವುದರಲ್ಲಿ ತಪ್ಪೇನು ಎಂದು ನೀವೂ ಕೇಳಬಹುದು. ಅದಕ್ಕೆ ಅವಳಿಗೆ ಹೇಳಿದ ಸಂಗತಿಯನ್ನೇ ನಿಮಗೂ ಹೇಳುತ್ತೇನೆ.

1983ರ ಮಾತು. ಆಗ ನಾನು ಜಗಳೂರು ಶಾಖೆಯಲ್ಲಿದ್ದೆ. ಅಪ್ಪ ಜೋಳ, ಶೇಂಗಾ ಬೆಳೆಯುವ ಒಣಭೂಮಿಯ ರೈತ. ಬೆಂಗಳೂರು ಕಂಡವರಲ್ಲ. ಮೊದಲ ಸಲ ಕರೆದುಕೊಂಡು ಹೋದೆ. ರಜೆ ಇದ್ದದ್ದು ಒಂದೇ ದಿನ. ನನ್ನ ಜೇಬಿನಲ್ಲೂ ಇಂಥದೇ ಪಟ್ಟಿ ಇತ್ತು. ವಿಧಾನಸೌಧ, ಕಬ್ಬನ್ ಪಾರ್ಕ್, ಮಾರ್ಕೆಟ್, ಟಿಪ್ಪುವಿನ ಅರಮನೆ, ದೊಡ್ಡ ಬಸವಣ್ಣ ಎಂದು ಬಸ್ಸು ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿದೆ. ನಾನು ಮುಂದೆ, ಅಪ್ಪ ಹಿಂದೆ.

ಸಂಜೆ ಲಾಲ್‌ಬಾಗಿಗೆ ಬಂದೆವು. ಅಲ್ಲೊಂದು ದೊಡ್ಡ ಬಂಡೆಗುಡ್ಡ ಇದೆ, ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಅಪ್ಪ ಚಪ್ಪಲಿ ಬಿಟ್ಟು ಬಂಡೆಯ ಮೇಲೆ ಕುಳಿತರು. ಅಂಗೈಯಿಂದ ಕಲ್ಲು ಸವರಿದರು.

“ತಮ್ಮಾ, ಇದು ನಮ್ಮ ಹೊಲದ ಬಂಡೆ ಇದ್ದಂಗೇ ಐತಲ್ಲೋ. ಕೂತ್ಕೋ ಒಂದು ಹತ್ತು ನಿಮಿಷ. ನಮ್ಮಪ್ಪ ಆ ಬಂಡೆ ಮ್ಯಾಲೆ ಕುಂತು ಒಂದು ಮಾತು ಹೇಳಿದ್ದ…”

“ಆಮೇಲೆ ಹೇಳಪ್ಪ, ಬಸ್ಸಿಗೆ ಹೊತ್ತಾಯ್ತು” ಎಂದು ನಾನು ಎಬ್ಬಿಸಿಬಿಟ್ಟೆ.

ಆ ಮಾತು ಏನಿತ್ತೋ, ಆಮೇಲೆ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಎರಡು ವರ್ಷಕ್ಕೆ ಅಪ್ಪ ಹೋದರು. ತಿಥಿಯ ದಿನ ಅವ್ವ ಹೇಳಿದಳು: ಬೆಂಗಳೂರಿನಿಂದ ಬಂದಾಗ ಪಕ್ಕದ ಮನೆಯವರು “ಏನೇನು ನೋಡಿದ್ರಿ?” ಎಂದು ಕೇಳಿದರಂತೆ. ಅಪ್ಪ ನಗುತ್ತಾ, “ಏನಿಲ್ಲ, ದಿನವೆಲ್ಲ ನನ್ನ ಮಗನ ಬೆನ್ನು ನೋಡ್ಕೊಂಡು ಬಂದೆ” ಎಂದರಂತೆ.

ಇಷ್ಟು ಕೇಳಿದ ಮೇಲೆ ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ಸಿಲ್ ತೆಗೆದುಕೊಂಡಳು. “ಹಂಗಾದ್ರೆ ಒಬ್ಬೊಬ್ಬರೂ ಒಂದೊಂದೇ ಜಾಗ ಹೇಳ್ರಿ” ಎಂದಳು. ಅಜ್ಜಿ ದೊಡ್ಡ ಬಸವಣ್ಣನ ಗುಡಿ ಎಂದಳು. ಮೊಮ್ಮಗ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಎಂದ. ಮೊಮ್ಮಗಳು ವಿಧಾನಸೌಧ ಬರೆದುಕೊಂಡಳು. ನನ್ನ ಸರದಿ ಬಂದಾಗ ಕೇಳಲೇ ಇಲ್ಲ, ತಾನೇ ‘ಲಾಲ್‌ಬಾಗ್ ಬಂಡೆ’ ಎಂದು ಬರೆದಳು.

ಇನ್ನು ದಿನಗಳನ್ನು ಕೂಡಿಸುವ ಕೆಲಸ. ಇಲ್ಲಿ ರಜೆಯ ದಿನ ನೋಡದೆ ಹೊರಟರೆ ಮುಚ್ಚಿದ ಬಾಗಿಲು ನೋಡಿಕೊಂಡು ಬರಬೇಕಾಗುತ್ತದೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ ರಜೆ. ನೆಹರೂ ತಾರಾಲಯಕ್ಕೂ ಸೋಮವಾರವೇ. “ಹಂಗಾದ್ರೆ ಶುಕ್ರವಾರ ಹೋಗಾಣ, ಸೋಮವಾರ ಬರಾಣ. ರಜೆ ಇರೋ ದಿನ ನಾವು ರೈಲಿನಾಗೆ ಇರ್ತೀವಿ” ಎಂದಳು ಮೊಮ್ಮಗಳು. ನಮ್ಮ ಶಾಖೆಯಲ್ಲಿದ್ದಿದ್ದರೆ ಮೇನೇಜರು ಅವಳ ಬೆನ್ನು ತಟ್ಟುತ್ತಿದ್ದರು. ತಾರಾಲಯ ಮಾತ್ರ ಈ ಸಲದ ಪಟ್ಟಿಯಿಂದ ಬಿಟ್ಟಿತು.

ಚನ್ನಗಿರಿಯಿಂದ ದಾವಣಗೆರೆಗೆ ಬಸ್ಸು. ಶಕ್ತಿ ಯೋಜನೆ ಬಂದ 2023ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಟಿಕೆಟ್ಟಿನ ಖರ್ಚಿಲ್ಲ. ದಾವಣಗೆರೆಯಿಂದ ಬೀರೂರು, ಅರಸೀಕೆರೆ, ತುಮಕೂರು ಮೇಲೆ ಹಗಲಿನ ರೈಲು. ರೈಲಿನಲ್ಲಿ ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿದೆ, ಅಜ್ಜಂದಿರು ಹಳೆ ಲೆಕ್ಕದಲ್ಲಿ ಹೊರಡಬೇಡಿ. ಉಳಿಯುವುದು ರಾಜಾಜಿನಗರದ ನನ್ನ ತಂಗಿಯ ಮನೆಯಲ್ಲಿ. ಅಲ್ಲಿಂದ ಮೆಟ್ರೊದ ಹಸಿರು ಮಾರ್ಗ ಮೆಜೆಸ್ಟಿಕ್, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಎಂದು ನೇರ ಹೋಗುತ್ತದೆ. ವಿಧಾನಸೌಧದ ಕಡೆಗಾದರೆ ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಬೇಕು. ಚಲಿಸುವ ಮೆಟ್ಟಿಲು ಕಂಡರೆ ನನ್ನಾಕೆಗೆ ಭಯ. ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಕೇಳಲು ಸಂಕೋಚಪಡಬಾರದು.

ಒಂದು ದಿನಕ್ಕೆ ಊರಿನ ಒಂದೇ ದಿಕ್ಕು, ಇದು ಎರಡನೇ ನಿಯಮ. ಶನಿವಾರ ವಿಧಾನಸೌಧದ ದಿಕ್ಕು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ, 1956ರಲ್ಲಿ ಮುಗಿದ ಕಲ್ಲಿನ ಕಟ್ಟಡ ಒಂದು ಕಡೆ, ಎದುರಿಗೆ 1868ರ ಕೆಂಪು ಬಣ್ಣದ ಅಠಾರಾ ಕಚೇರಿ. ರಸ್ತೆಯಿಂದ ಎರಡನ್ನೂ ನೋಡಿ, 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿನ ನೆರಳಲ್ಲಿ ಕುಳಿತು, ಒಟ್ಟು ಒಂದೂವರೆ ಗಂಟೆ. ಅಲ್ಲಿಂದ ಆಟೊದಲ್ಲಿ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯ, ಎರಡು ಗಂಟೆ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಅಳತೆಯ ಮಾದರಿ ಅಲ್ಲಿದೆ. ಮೊಮ್ಮಗ ಅದರ ಮುಂದೆಯೇ ಎರಡು ಗಂಟೆ ನಿಂತರೂ ನಾವು ಎಳೆಯುವುದಿಲ್ಲ ಎಂದು ಒಪ್ಪಂದವಾಗಿದೆ. ಸಂಜೆ ಮಾತ್ರ ದಿಕ್ಕು ಬದಲಿಸಿ ವಿ.ವಿ. ಪುರದ ತಿಂಡಿ ಬೀದಿಗೆ ಒಂದೂವರೆ ಗಂಟೆ. ಅಲ್ಲಿ ನಿಯಮ ಒಂದೇ: ಒಂದು ಪ್ಲೇಟು, ನಾಲ್ಕು ಕೈ. ಹಾಗಾದರೆ ಹೊಟ್ಟೆ ಕೆಡದೆ ನಾಲ್ಕು ಬಗೆ ರುಚಿ ನೋಡಬಹುದು.

ಭಾನುವಾರ ಬಸವನಗುಡಿ ದಿಕ್ಕು. 1943ರಿಂದ ಇರುವ ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ. ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಸರದಿ ಚಿಕ್ಕದಿರುತ್ತದೆ. ದಾವಣಗೆರೆ ಬೆಣ್ಣೆ ದೋಸೆ ತಿಂದು ಬೆಳೆದ ನಮ್ಮ ಮಕ್ಕಳು ಏನು ತೀರ್ಪು ಕೊಡುತ್ತಾರೋ ನೋಡಬೇಕು. ಆಮೇಲೆ ದೊಡ್ಡ ಬಸವಣ್ಣ, ಒಂದೂವರೆ ಗಂಟೆ. ಒಂದೇ ಕಲ್ಲಿನಲ್ಲಿ ಕಡೆದ ಬಸವ, ಎತ್ತರ ಸುಮಾರು 15 ಅಡಿ. ಕಾರ್ತಿಕದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಶೇಂಗಾ ಬೆಳೆದ ನಮ್ಮಪ್ಪನಿಗೆ ಅಂದು ಈ ಮಾತನ್ನು ಹೇಳುವಷ್ಟು ಪುರುಸೊತ್ತೂ ನನಗಿರಲಿಲ್ಲ. ಗಾಂಧಿಬಜಾರಿನ ಹೂವು ಹಣ್ಣಿನ ಸಾಲಿನಲ್ಲಿ ಒಂದು ಗಂಟೆ. ಮನೆಗೆ ಬಂದು ಮಲಗಿ ಎದ್ದು, ಮಧ್ಯಾಹ್ನದ ತಿಂಡಿಗೆ ಎಂ.ಟಿ.ಆರ್. ಇದು 1924ರಲ್ಲಿ ಶುರುವಾದದ್ದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಮಾಡಿದವರು ತಾವೇ ಎನ್ನುತ್ತಾರೆ ಆ ಹೋಟೆಲಿನವರು. ಇಲ್ಲದ್ದನ್ನು ನೆನೆದು ಕೊರಗದೆ ಇರುವುದರಲ್ಲಿ ಹೊಸದು ಮಾಡಿದರಲ್ಲ, ಮಕ್ಕಳು ಇಡ್ಲಿಯ ಜೊತೆ ಇದನ್ನೂ ನೆನಪಿಡಲಿ.

ಕೊನೆಗೆ ಲಾಲ್‌ಬಾಗ್. ಹೈದರ್ ಅಲಿ 1760ರಲ್ಲಿ ಶುರುಮಾಡಿದ ತೋಟ. 1889ರ ಗಾಜಿನ ಮನೆ ದೂರದಿಂದ ನೋಡಿದರೆ ಸಾಕು. ಉಳಿದ ಹೊತ್ತೆಲ್ಲ ಬಂಡೆಗೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಈ ಜಾತಿಯ ಕಲ್ಲು ಕರ್ನಾಟಕದ ಬಹುಭಾಗದ ನೆಲದಡಿ ಹಬ್ಬಿದೆ ಎಂದು ನಾನು ಓದಿದ್ದು ನಿವೃತ್ತಿಯಾದ ಮೇಲೆ. ನಮ್ಮ ಹೊಲದ ಬಂಡೆ ಇದ್ದಂತಿದೆ ಎಂದ ಅಪ್ಪನ ಮಾತನ್ನು ಅಂದು ನಾನು ಹಳ್ಳಿಯವರ ಮಾತೆಂದು ತಳ್ಳಿಹಾಕಿದ್ದೆ.

ಮೊಮ್ಮಗಳು ಕೂಡಿಸಿದಳು. ಒಟ್ಟು 10 ಗಂಟೆ. ಇದ್ದದ್ದು 12. “ಅಜ್ಜಾ, ಎರಡು ಗಂಟೆ ಉಳಿದೈತೆ! ತಾರಾಲಯ ಸೇರಿಸ್ಲಾ?”

“ಬೇಡ. ಅದು ಶಿಲ್ಕು.”

ಖರ್ಚೆಲ್ಲ ಕಳೆದು ಕೈಯಲ್ಲಿ ಉಳಿಯುವ ನಗದಿಗೆ ನಾವು ಶಿಲ್ಕು ಎನ್ನುತ್ತಿದ್ದೆವು. ಶಿಲ್ಕು ಇಲ್ಲದೆ ಮರುದಿನ ಬ್ಯಾಂಕಿನ ಕೌಂಟರ್ ತೆರೆಯುವಂತಿಲ್ಲ. ಅಕ್ಟೋಬರಿನಲ್ಲಿ ಬೆಂಗಳೂರಿಗೆ ಸಂಜೆ ಮಳೆ ಬರಬಹುದು. ಅಜ್ಜಿಯ ಮಂಡಿ ಮುಷ್ಕರ ಹೂಡಬಹುದು. ಯಾರಾದರೂ ಕುಳಿತು ಒಂದು ಮಾತು ಶುರುಮಾಡಬಹುದು. ಅದಕ್ಕೆಲ್ಲ ಈ ಎರಡು ಗಂಟೆ.

ಹೊರಡುವ ಅಜ್ಜ ಅಜ್ಜಿಯರಿಗೆ ಇನ್ನೆರಡು ಮಾತು. ಪ್ರತಿ ಮಗುವಿನ ಜೇಬಿನಲ್ಲೂ ಮನೆಯವರ ಫೋನ್ ನಂಬರಿನ ಚೀಟಿ ಇರಲಿ. ಮಕ್ಕಳಿಗೆ 112 ತುರ್ತು ಕರೆ ಎಂದೂ, 1098 ಮಕ್ಕಳ ಸಹಾಯವಾಣಿ ಎಂದೂ ಬಾಯಿಪಾಠ ಮಾಡಿಸಿ. ನಿಮ್ಮ ಮಾತ್ರೆಗಳು ಕೈಚೀಲದಲ್ಲೇ ಇರಲಿ. ಮತ್ತು ನಡೆಯುವಾಗ ಎಲ್ಲರಿಗಿಂತ ನಿಧಾನದವರು ಮುಂದಿರಲಿ, ಉಳಿದವರು ಹಿಂದೆ.

ನಿನ್ನೆ ರಾತ್ರಿ ಮೊಮ್ಮಗಳು ಯೋಜನೆಯನ್ನು ಚೆಂದಾಗಿ ನಕಲು ಮಾಡಿ ಗೋಡೆಗೆ ಅಂಟಿಸಿದ್ದಾಳೆ. ಪ್ರತಿ ಜಾಗದ ಮುಂದೆ ಹೊತ್ತು, ಅದರ ಮುಂದೆ ‘ಕೆಲಸ’ ಎಂದು ಒಂದು ಕಾಲಂ. ವಿಧಾನಸೌಧದ ಮುಂದೆ ‘ಫೋಟೋ’, ವಿದ್ಯಾರ್ಥಿ ಭವನದ ಮುಂದೆ ‘ದೋಸೆ’. ಕಡೆಯ ಸಾಲು ಹೀಗಿದೆ: ‘ಲಾಲ್‌ಬಾಗ್ ಬಂಡೆ, ಎರಡೂವರೆ ಗಂಟೆ. ಕೆಲಸ: ಅಜ್ಜ ಹೇಳೋದು ಕೇಳೋದು.’

ಏನು ಹೇಳಬೇಕೆಂದು ನಾನೀಗ ಯೋಚಿಸುತ್ತಿದ್ದೇನೆ. ಇನ್ನೂ ಎರಡು ತಿಂಗಳಿದೆಯಲ್ಲ. ಮಕ್ಕಳೇ, ಅಷ್ಟರಲ್ಲಿ ನೀವೂ ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ನೋಡಿ: “ನಿಮಗೆ ಯಾವ ಊರು ನೋಡಬೇಕು ಅಂತಿದೆ?” ಅವರು ಉತ್ತರ ಹೇಳಿ ಮುಗಿಸುವವರೆಗೂ ಎದ್ದು ಹೋಗಬೇಡಿ.