ಹೆಬ್ಬಾಗಿಲ ಪಕ್ಕದ ಕೋಣೆ

ಕೊರಿಯಾದಿಂದ ಬಂದು ಎರಡು ವಾರ ಆಯ್ತು. ಫೋಟೋ ಹಾಕಿ ಅಂತ ಎಲ್ಲರೂ ಕೇಳ್ತಿದೀರಿ. ಅದಕ್ಕೂ ಮೊದಲು ಒಂದು ಕೋಣೆಯ ವಿಷಯ ಹೇಳ್ಬೇಕು.

ಆಂದೊಂಗ್ ಹತ್ತಿರ ಹಾಹ್ವೆ ಅಂತ ಒಂದು ಹಳೇ ಊರು. ನಕ್ದೊಂಗ್ ನದಿ ಊರನ್ನು ಬಳಸಿಕೊಂಡು ಹರಿಯುತ್ತದೆ, ಹೆಸರಿನ ಅರ್ಥವೂ ಅದೇ. ರ್ಯೂ ಎಂಬ ಒಂದು ಕುಲದವರು ಸುಮಾರು 600 ವರ್ಷದಿಂದ ಇಲ್ಲಿ ನೆಲೆಸಿದ್ದಾರೆ. ಇವರು ಯಾಂಗ್‌ಬಾನ್‌ಗಳು, ಅಂದ್ರೆ ಓದು, ಅಧಿಕಾರ, ಭೂಮಿ ಮೂರನ್ನೂ ಹಿಡಿದಿದ್ದ ಮೇಲ್ವರ್ಗ. 2010ರಲ್ಲಿ ಯುನೆಸ್ಕೋ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಊರ ನಡುವೆ ಹೆಂಚಿನ ದೊಡ್ಡ ಮನೆಗಳು, ಅಂಚಿಗೆ ಹುಲ್ಲಿನ ಚಾವಣಿಯ ಸಣ್ಣ ಮನೆಗಳು. ಈ ನಕ್ಷೆ ಓದೋಕೆ ನಮಗೆ ಗೈಡ್ ಬೇಕಾ?

ಅಲ್ಲಿನ ಹಳೇ ಮನೆಗಳಲ್ಲಿ ದುಡ್ಡು ಕೊಟ್ಟು ರಾತ್ರಿ ತಂಗಬಹುದು. ಸೋಲ್‌ನಲ್ಲಿ ಕೆಲಸ ಮಾಡುವ ಗೆಳೆಯ ಇದ್ದದ್ದರಲ್ಲಿ ಅಗ್ಗದ ಕೋಣೆ ಹಿಡಿದಿದ್ದ. ಹೋಗಿ ನೋಡಿದರೆ ಅದು ಹೆಬ್ಬಾಗಿಲಿಗೆ ಅಂಟಿಕೊಂಡ ಸಾಲಿನಲ್ಲಿದೆ. ಒಳಗೆ ಗಂಡಸರ ಚಾವಡಿ, ಅದರ ಹಿಂದೆ ಹೆಂಗಸರ ಅಂಗಳ, ಬಾಗಿಲ ಬದಿಗೆ ಈ ಸಾಲು. ಮನೆ ನೋಡಿಕೊಳ್ಳುವ ಅಜ್ಜಿಯನ್ನು ಗೆಳೆಯನ ಮೂಲಕ ಕೇಳಿಸಿದೆ: ಇಲ್ಲಿ ಮುಂಚೆ ಯಾರು ಇರ್ತಿದ್ರು? ಅಜ್ಜಿ ಹಣ್ಣು ಹೆಚ್ಚುತ್ತಾ ಸಲೀಸಾಗಿ ಅಂದ್ರು, "ಕೆಲಸದವರು."

ನೋಡಿ, ಇಷ್ಟು ದೂರ ವಿಮಾನದಲ್ಲಿ ಹೋಗಿ ಕೊನೆಗೆ ಆಳುಗಳ ಕೋಣೆಯಲ್ಲೇ ಮಲಗಿದೆ. ನಗು ಬಂತು. ಆಮೇಲೆ ನಿದ್ದೆ ಬರಲಿಲ್ಲ.

ಈ ಮನೆಗಳ ಹೆಮ್ಮೆ ಅಂದರೆ ಒಂದೋಲ್. ಹೊರಗಿನ ಒಲೆಬಾಯಿಗೆ ಸೌದೆ ಹಾಕಿದರೆ ಬಿಸಿ ಹೊಗೆ ನೆಲದ ಚಪ್ಪಡಿಗಳ ಕೆಳಗೆ ಹರಿದು ಕೋಣೆ ಬೆಚ್ಚಗಾಗುತ್ತದೆ. ಈಗ ಬಹುತೇಕ ಕಡೆ ಬಿಸಿನೀರಿನ ಪೈಪು. ಆದರೆ ಆ ಕಾಲದಲ್ಲಿ, ಆ ಚಳಿಯಲ್ಲಿ, ಸೌದೆ ಸೀಳಿ ಒಲೆಬಾಯಿ ಮುಂದೆ ಕೂತವರು ಯಾರು? ಹೊರಗಿನ ಫಲಕದಲ್ಲಿ ಮನೆ ಕಟ್ಟಿಸಿದವರ ಪದವಿ ಇದೆ, ಕಂಬದ ಬಗ್ಗೆ ಇದೆ, ತೊಲೆಯ ಬಗ್ಗೆ ಇದೆ. ಬೆಂಕಿ ಹಾಕಿದವರ ಬಗ್ಗೆ ಒಂದು ಸಾಲಿಲ್ಲ. ಅವರನ್ನು ನೋಬಿ ಅಂತಿದ್ದರು. ಮಾರಬಹುದಿತ್ತು, ಆಸ್ತಿ ಜೊತೆ ಮಕ್ಕಳಿಗೆ ಹಂಚಬಹುದಿತ್ತು. 1801ರಲ್ಲಿ ಸರ್ಕಾರಿ ನೋಬಿಗಳ ದಫ್ತರ ಸುಟ್ಟರು. ಮನೆಗಳ ನೋಬಿಗಳು ಮಾತ್ರ 1894ರ ತನಕ ಕಾಯಬೇಕಾಯ್ತು.

ಆದ್ರೆ ಈ ಊರಿಗೆ ಒಂದು ಸಲಾಂ ಹೊಡೀಲೇಬೇಕು. ಇಲ್ಲಿನ ಮುಖವಾಡದ ಆಟ. ಊರ ಸಾಮಾನ್ಯ ಜನ ಒಡೆಯರ ಎದುರಿಗೇ ಒಡೆಯರನ್ನು ಬೆತ್ತಲೆ ಮಾಡುವ ಆಟ ಅದು. ಒಬ್ಬ ಯಾಂಗ್‌ಬಾನ್, ಒಬ್ಬ ಪಂಡಿತ, ಯಾರು ಮೇಲು ಅಂತ ಜಗಳ. ಪಂಡಿತ ನಾಲ್ಕು ಗ್ರಂಥ, ಮೂರು ಶಾಸ್ತ್ರ ಓದಿದೀನಿ ಅಂದರೆ, ಯಾಂಗ್‌ಬಾನ್ ನಂದು ಎಂಟು ಗ್ರಂಥ, ಆರು ಶಾಸ್ತ್ರ ಅಂತಾನೆ. ಆರು ಶಾಸ್ತ್ರ ಎಲ್ಲಿದೆ? ಚೊರೆಂಗಿ ಎಂಬ ಆಳು ಮುಂದೆ ಬಂದು ಎಣಿಸಿ ತೋರಿಸ್ತಾನೆ. ಕೊರಿಯನ್ನಿನಲ್ಲಿ ಶಾಸ್ತ್ರ ಅನ್ನೋ ಪದದ ಬಾಲವೇ ಇರುವ ಆರು ಮಾತು. ಅದರಲ್ಲಿ ಕುರುಡನ ಕನ್ನಡಕ ಒಂದು, ಹುಡುಗಿಯ ಮುಟ್ಟು ಒಂದು, ಕೊನೆಗೆ ಜೀತದಾಳಿನ ವರ್ಷದ ಕೂಲಿ!

ಇನ್ನೊಂದು ದೃಶ್ಯದಲ್ಲಿ ಕಟುಕ, ಅಂದ್ರೆ ಬೆಕ್‌ಜೊಂಗ್, ಹೋರಿ ಕೊಯ್ದು ಅದರ ಬೀಜ ಮಾರೋಕೆ ಬರ್ತಾನೆ. ಛೀ ಥೂ ಅಂದ ಇಬ್ಬರೂ ದೊಡ್ಡಮನುಷ್ಯರು, ಗಂಡಸುತನಕ್ಕೆ ಒಳ್ಳೇದು ಅಂದ ಕೂಡಲೇ ನಂಗೆ ನಂಗೆ ಅಂತ ಎಳೆದಾಡ್ತಾರೆ. ಮುಖವಾಡಗಳನ್ನು ಹತ್ತಿರದಿಂದ ನೋಡಿದೆ. ಒಡೆಯನದ್ದಕ್ಕೂ ಕಟುಕನದ್ದಕ್ಕೂ ದವಡೆ ಬೇರೆ ತುಂಡು, ದಾರದಲ್ಲಿ ಕಟ್ಟಿದ್ದಾರೆ. ತಲೆ ಎತ್ತಿದರೆ ನಗು, ತಗ್ಗಿಸಿದರೆ ಸಿಟ್ಟು.

ಆಟದ ಹೊರಗೆ ಬೆಕ್‌ಜೊಂಗರ ಬದುಕು ನಗುವಂಥದ್ದಾಗಿರಲಿಲ್ಲ. ಹೆಂಚಿನ ಮನೆ ಕಟ್ಟಂಗಿಲ್ಲ, ರೇಷ್ಮೆ ಉಡಂಗಿಲ್ಲ, ಕುದುರೆಕೂದಲ ಟೋಪಿ ಇಡಂಗಿಲ್ಲ, ಊರಾಚೆ ವಾಸ. ನಮ್ಮಲ್ಲಿ ಗೋವು ಪವಿತ್ರ, ಅದಕ್ಕೇ ಮೈಲಿಗೆ ಅಂತ ಸಬೂಬು ಹೇಳ್ತಾರಲ್ಲ, ಅಲ್ಲಿ ಗೋಪೂಜೆ ಇರಲಿಲ್ಲ. ಯಾಂಗ್‌ಬಾನ್ ದನದ ಮಾಂಸ ತಿಂದೂ ಕುಲೀನ, ಕೊಯ್ದು ಕೊಟ್ಟವನು ಮಾತ್ರ ಹೊಲಸು. ಸಬೂಬು ಬೇರೆ, ಕಟ್ಟಳೆ ಒಂದೇ.

1894ರ ಕಾನೂನು ಬಂದ ಮೇಲೂ ಶಾಲೆ ಅವರ ಮಕ್ಕಳನ್ನು ಸೇರಿಸಿಕೊಳ್ಳಲಿಲ್ಲ. ಆಗ, 1923ರ ಏಪ್ರಿಲ್‌ನಲ್ಲಿ, ಜಿಂಜು ಪಟ್ಟಣದಲ್ಲಿ ಹ್ಯೊಂಗ್‌ಪ್ಯೊಂಗ್‌ಸಾ ಸಂಘ ಹುಟ್ಟಿತು. ಹೆಸರಲ್ಲಿರೋದು ತಕ್ಕಡಿ. ಮಾಂಸ ತೂಗುವ ತಕ್ಕಡಿ ಸಮವಾಗಿರೋ ಹಾಗೆ ಮನುಷ್ಯರೂ ಸಮ. ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ್ದು ಮರುವರ್ಷ, 1924ರಲ್ಲಿ. ಅಲ್ಲೂ ಹಲ್ಲೆಗಳಾದವು. 1925ರ ಆಗಸ್ಟ್‌ನಲ್ಲಿ ಯೇಚೊನ್‌ನಲ್ಲಿ ಸಂಘದ ಮೇಲೆ ಗುಂಪು ನುಗ್ಗಿ ಬಡಿಯಿತು. ಯೇಚೊನ್ ಆಂದೊಂಗ್‌ನ ಪಕ್ಕದ ಜಿಲ್ಲೆ. ನಾನು ಮಲಗಿದ್ದ ಕೋಣೆಯಿಂದ ದೂರವೇನಿಲ್ಲ.

ಇವತ್ತು ಕೊರಿಯಾದಲ್ಲಿ ಬೆಕ್‌ಜೊಂಗ್ ಯಾರು ಅಂತ ಗುರುತಿಸೋಕಾಗಲ್ಲ. ಇದು ಕಾನೂನೊಂದರಿಂದ ಆಗಿದ್ದಲ್ಲ. 1950ರ ಭೂಸುಧಾರಣೆ ಯಾಂಗ್‌ಬಾನ್‌ಗಳ ಕಾಲ ಕೆಳಗಿನ ನೆಲ ತೆಗೆಯಿತು, ಅದೇ ವರ್ಷ ಶುರುವಾದ ಯುದ್ಧ ಜನರ ವಿಳಾಸಗಳನ್ನೇ ಅಳಿಸಿತು, ಆಮೇಲೆ ಎಲ್ಲರೂ ನಗರಕ್ಕೆ ಬಂದರು. ನಮ್ಮಲ್ಲೂ 1974ರಲ್ಲಿ ಉಳುವವನಿಗೆ ಭೂಮಿ ಅಂದರು. ಗೇಣಿ ಮಾಡುತ್ತಿದ್ದವನಿಗೆ ಸಿಕ್ಕಿತು. ಕೂಲಿ ಮಾಡುತ್ತಿದ್ದ ನಮ್ಮವರಲ್ಲಿ ಹೆಚ್ಚಿನವರ ಕೈಗೆ ಅದು ಬರಲಿಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಬೇರೆ. ಈಗ ಅಲ್ಲಿ ಯಾರನ್ನು ಕೇಳಿದರೂ ತಮ್ಮದು ಯಾಂಗ್‌ಬಾನ್ ವಂಶ ಅಂತಾರೆ, ವಂಶಾವಳಿಯ ಪುಸ್ತಕ ತೋರಿಸ್ತಾರೆ. ಹಿಂದೆ ಆ ಪುಸ್ತಕಗಳನ್ನು ದುಡ್ಡು ಕೊಟ್ಟು ಬರೆಸಿಕೊಂಡವರೂ ಇದ್ದಾರೆ. ನಾನು ಬೆಕ್‌ಜೊಂಗ್ ಮೊಮ್ಮಗ ಅಂತ ಎದ್ದು ನಿಲ್ಲುವವರು ತೀರಾ ವಿರಳ. ಬೆಂಗಳೂರಲ್ಲಿ ಬಾಡಿಗೆ ಮನೆಗೋಸ್ಕರ ಜಾತಿ ಮುಚ್ಚಿಟ್ಟು ಬದುಕೋ ನಮ್ಮ ಹುಡುಗರು ನೆನಪಾದರು. ಅವರನ್ನು ಬಯ್ಯೋ ಹಕ್ಕು ನನಗಿಲ್ಲ. ಆ ಕೊರಿಯನ್ ಮೊಮ್ಮಗ ಯಾರ ಭಯವೂ ಇಲ್ಲದೆ ಶಾಲೆಗೆ ಹೋದ, ಮದುವೆಯಾದ, ಹೆಂಚಿನ ಮನೆ ಕಟ್ಟಿದ. ಇದಕ್ಕಿಂತ ದೊಡ್ಡ ಗೆಲುವು ಏನಿದೆ ಅಂತ ಒಂದು ಮನಸ್ಸು. ಒಡೆಯನ ಹೆಸರು ಹಾಕಿಕೊಂಡು ಗೆದ್ದರೆ ಗೆದ್ದದ್ದು ಯಾರು ಅಂತ ಇನ್ನೊಂದು. ನಾನಿನ್ನೂ ತೀರ್ಮಾನಕ್ಕೆ ಬಂದಿಲ್ಲ. ನೀವು ಹೇಳಿ, ಬಯ್ಯೋದಿದ್ದರೂ ಬಯ್ಯಿರಿ.

ಒಂದು ಮಾತ್ರ ಗಟ್ಟಿಯಾಗಿ ಕೇಳ್ತೀನಿ. ನಮ್ಮ ಕಡೆ ತೊಟ್ಟಿಮನೆ, ಗುತ್ತಿನ ಮನೆಗಳು ಹೋಮ್‌ಸ್ಟೇ ಆಗ್ತಿವೆ. ಪರಂಪರೆ ಅಂತ ಫಲಕ ಹಾಕೋವಾಗ ಅಂಗಳದಾಚೆ ನಿಂತು ದುಡಿದವರನ್ನೂ ಬರೀರಿ, ಅವರ ಹಟ್ಟಿ ಎಲ್ಲಿತ್ತು ಅಂತಲೂ ಬರೀರಿ. ಹಾಹ್ವೆಯ ಅಜ್ಜಿ ಒಂದೇ ಪದದಲ್ಲಾದರೂ ಒಪ್ಪಿಕೊಂಡರು.

ಫೋಟೋಗಳು ಕಾಮೆಂಟಲ್ಲಿವೆ. ಮೊದಲನೇದು ಒಲೆಬಾಯಿ.